ಮಗುವಿನ ಬಾಯಲ್ಲಿ ಬಿಳಿ ಮಚ್ಚೆ, ನನಗೆ ಹಾಲೂಡಿಸುವಾಗ ಉರಿ: ಇಬ್ಬರಿಗೂ ಔಷಧಿ ಬೇಕಾ?

ತೋಟದಮನೆ_ಸುಂಟಿಕೊಪ್ಪ
ಎಲ್ಲರಿಗೂ ನಮಸ್ಕಾರ. ಮಗಳಿಗೆ ಎರಡು ತಿಂಗಳು ದಾಟಿದೆ. ಮೊದಲ ಬಾಣಂತನ. ಶುರುವಿನಲ್ಲಿ ಸ್ವಲ್ಪ ನೋವಿತ್ತು, ಆಮೇಲೆ ಸರಿಹೋಗಿ ಆರಾಮಾಗಿ ಹಾಲು ಕುಡಿಸುತ್ತಿದ್ದೆ. ನಡುವೆ ಹೊಲಿಗೆ ಹಾಕಿದ ಜಾಗ ಕೀವಾಯಿತು ಅಂತ ಆಂಟಿಬಯಾಟಿಕ್ ಕೊಟ್ಟರು. ಅದು ಮುಗಿದ ಮೇಲೆ ಎರಡೂ ಕಡೆ ಮೊಲೆತೊಟ್ಟು ಉರಿಯಲು ಶುರುವಾಗಿದೆ. ಮಗು ಕುಡಿಯುವಾಗ ಮಾತ್ರ ಅಲ್ಲ, ಬಿಟ್ಟ ಮೇಲೂ ಬಹಳ ಹೊತ್ತು ಒಳಗೆ ಚುಚ್ಚಿದ ಹಾಗೆ ಆಗುತ್ತದೆ. ತೊಟ್ಟಿನ ಸುತ್ತ ಚರ್ಮ ಕೆಂಪಗಾಗಿ ಹೊಳೆಯುತ್ತಿದೆ, ಸಣ್ಣಗೆ ಸಿಪ್ಪೆ ಏಳುತ್ತಿದೆ.

ಮಗುವಿನ ಕೆನ್ನೆಯ ಒಳಗೆ, ಒಸಡಿನ ಮೇಲೆ ಬಿಳಿ ಮಚ್ಚೆಗಳಿವೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುವುದಿಲ್ಲ. ಡಾಕ್ಟರ್ ಅವಳ ಬಾಯಿಗೆ ಡ್ರಾಪ್ಸ್ ಬರೆದುಕೊಟ್ಟರು. ನನ್ನ ಉರಿಯ ಬಗ್ಗೆ ಹೇಳಿದೆ, "ಎಲ್ಲ ಬಾಣಂತಿಯರಿಗೂ ಇರುತ್ತೆ" ಅಂದರು. ಅತ್ತೆಯವರದ್ದೂ ಅದೇ ಮಾತು, ತಡೆದುಕೊಳ್ಳಬೇಕು ಅಂತ. ರಾತ್ರಿ ಮಗು ಎದ್ದರೆ ನನಗೆ ಮೈಯೆಲ್ಲಾ ಬಿಗಿಯುತ್ತದೆ. ಬಾಟಲಿ ಹಾಲಿಗೆ ಹೋಗುವುದೇ ದಾರಿಯಾ? ನನಗೂ ಔಷಧಿ ಬೇಕಾಗುತ್ತದಾ? ಅನುಭವ ಇದ್ದವರು ದಯವಿಟ್ಟು ಹೇಳಿ.

ನಾಪೋಕ್ಲು_ಅಕ್ಕ
ಪಾಪ ತಂಗಿ. ಓದಿದರೇ ನೋವಾಗುತ್ತದೆ. ನನ್ನ ಎರಡನೇ ಮಗುವಿನಲ್ಲಿ ಇದೇ ಆಗಿತ್ತು. ಮಗುವಿಗೆ ಮಾತ್ರ ಔಷಧಿ ಹಾಕಿದರೆ ಹೋಗುವುದಿಲ್ಲ. ಅದರ ಬಾಯಿಂದ ನಿಮಗೆ, ನಿಮ್ಮಿಂದ ಮತ್ತೆ ಅದಕ್ಕೆ. ಇಬ್ಬರಿಗೂ ಒಟ್ಟಿಗೇ ಆಗಬೇಕು. ಹಾಲು ಮಾತ್ರ ನಿಲ್ಲಿಸಬೇಡಿ.

ಅಮ್ಮತ್ತಿ_ಹಿರಿಯರು
ನಮ್ಮ ಕಾಲದಲ್ಲಿ ಇದಕ್ಕೆ ಡಾಕ್ಟರ್ ಹತ್ತಿರ ಹೋದವರೇ ಇಲ್ಲ. ಒಳ್ಳೆಯ ಕೊಡಗಿನ ಜೇನು ಬೆರಳಲ್ಲಿ ತೆಗೆದು ಮಗುವಿನ ನಾಲಿಗೆಗೆ ಸವರುತ್ತಿದ್ದೆವು. ಎರಡು ದಿನದಲ್ಲಿ ಬಾಯಿ ಸ್ವಚ್ಛ. ತಾಯಿಗೆ ಕೊಬ್ಬರಿ ಎಣ್ಣೆ. ಅಷ್ಟೇ.

ವಿರಾಜಪೇಟೆ_ನರ್ಸ್
ಅಮ್ಮ, ದಯವಿಟ್ಟು ಜೇನು ಬೇಡ. ಒಂದು ವರ್ಷದೊಳಗಿನ ಮಗುವಿಗೆ ಜೇನು ಯಾವ ಕಾರಣಕ್ಕೂ ಕೊಡಬಾರದು. ಎಷ್ಟೇ ಶುದ್ಧ ಜೇನಾದರೂ ಅದರಲ್ಲಿ ಬಾಟ್ಯುಲಿಸಂ ತರುವ ಬ್ಯಾಕ್ಟೀರಿಯಾದ ಬೀಜಕಣ ಇರಬಹುದು. ದೊಡ್ಡವರ ಕರುಳು ಅದನ್ನು ತಡೆಯುತ್ತದೆ. ಎಳೆ ಮಗುವಿನ ಕರುಳಲ್ಲಿ ಅದು ಬೆಳೆದು ವಿಷ ಬಿಡುತ್ತದೆ. ಮೊದಲು ಮಲಬದ್ಧತೆ, ಆಮೇಲೆ ಮಗು ಸೋತು ಹೋಗುತ್ತದೆ, ಕತ್ತು ನಿಲ್ಲುವುದಿಲ್ಲ, ಹಾಲು ಎಳೆಯಲು ಆಗುವುದಿಲ್ಲ, ಕೊನೆಗೆ ಉಸಿರಾಟಕ್ಕೇ ತೊಂದರೆ. ಅಪರೂಪ ಹೌದು. ಆದರೆ ಬಂದರೆ ಐಸಿಯು.

ಈಗ ತೋಟದಮನೆಯವರಿಗೆ. ನೀವು ಬರೆದದ್ದು ನೋಡಿದರೆ ಥ್ರಷ್ ಇರುವ ಸಾಧ್ಯತೆ ಜಾಸ್ತಿ. ಕ್ಯಾಂಡಿಡಾ ಅನ್ನುವ ಫಂಗಸ್ ಅದು. ನಮ್ಮೆಲ್ಲರ ಮೈಮೇಲೂ ಸ್ವಲ್ಪ ಇದ್ದೇ ಇರುತ್ತದೆ. ಆಂಟಿಬಯಾಟಿಕ್ ತಿಂದಾಗ ಅದನ್ನು ಹದ್ದುಬಸ್ತಿನಲ್ಲಿಡುವ ಒಳ್ಳೆಯ ಬ್ಯಾಕ್ಟೀರಿಯಾ ಕೂಡ ಸಾಯುತ್ತದೆ, ಆಗ ಇದು ಹೆಚ್ಚಾಗುತ್ತದೆ. ಆರಾಮಾಗಿದ್ದ ಹಾಲೂಡಿಕೆ ಇದ್ದಕ್ಕಿದ್ದಂತೆ ನೋವಾಗುವುದು, ಎರಡೂ ಕಡೆ ಆಗುವುದು, ಕುಡಿಸಿದ ಮೇಲೂ ಉರಿ ಉಳಿಯುವುದು, ಜೊತೆಗೆ ಮಗುವಿನ ಬಾಯಲ್ಲಿ ಒರೆಸಿದರೂ ಹೋಗದ ಬಿಳುಪು. ಇವೆಲ್ಲ ಕೂಡಿದಾಗ ನಾವು ಥ್ರಷ್ ಅಂತ ಯೋಚಿಸುತ್ತೇವೆ.

ಆದರೆ ಇಲ್ಲಿ ಬರೆದದ್ದು ಓದಿ ನೀವೇ ತೀರ್ಮಾನ ಮಾಡಬೇಡಿ. ಡಾಕ್ಟರ್ ನಿಮ್ಮ ಎದೆಯನ್ನೂ ನೋಡಬೇಕು. "ನನ್ನನ್ನೂ ಪರೀಕ್ಷೆ ಮಾಡಿ" ಅಂತ ಬಾಯಿಬಿಟ್ಟು ಕೇಳಿ.

ಅಮ್ಮತ್ತಿ_ಹಿರಿಯರು
ನಾಲ್ಕು ಮಕ್ಕಳನ್ನು ಸಾಕಿದ್ದೇನೆ ಮಗಳೇ. ಎಲ್ಲರಿಗೂ ಹುಟ್ಟಿದ ದಿನವೇ ಜೇನು ನೆಕ್ಕಿಸಿದ್ದು. ಯಾರಿಗೂ ಏನೂ ಆಗಲಿಲ್ಲ.

ಕುಶಾಲನಗರ_ಅಪ್ಪ
ಅಮ್ಮ, ನಿಮ್ಮ ಅನುಭವದ ಬಗ್ಗೆ ಗೌರವ ಇದೆ. ಆದರೆ ಹೆಲ್ಮೆಟ್ ಇಲ್ಲದೆ ನಲವತ್ತು ವರ್ಷ ಬೈಕ್ ಓಡಿಸಿದವರೂ ಇದ್ದಾರೆ. ಅದಕ್ಕೆ ನನ್ನ ಮಗನನ್ನು ಹಾಗೇ ಕಳಿಸಲು ಆಗುತ್ತದಾ? ಜೇನಿನ ಅಂಗಡಿಯವನೇ ನನಗೆ "ಒಂದು ವರ್ಷ ಆಗುವವರೆಗೆ ಮಗುವಿಗೆ ಕೊಡಬೇಡಿ ಸಾರ್" ಅಂತ ಹೇಳಿ ಕಳಿಸಿದ್ದಾನೆ.

ಸೋಮವಾರಪೇಟೆ_ಹುಡುಗಿ
ಜೇನು ಬಿಡಿ. ನಮ್ಮ ಮನೆಯಲ್ಲಿ ನೀಲಿ ಔಷಧಿ ಹಚ್ಚು ಅಂತಿದ್ದಾರೆ. ಮಗುವಿನ ಬಾಯಿ, ನನ್ನ ಎದೆ, ಹಾಸಿಗೆ ಎಲ್ಲಾ ನೇರಳೆ ಬಣ್ಣ! ಅದು ಸರಿಯಾ? ಇನ್ನೊಬ್ಬರು ಬೋರಾಕ್ಸ್ ಗ್ಲಿಸರಿನ್ ಹೇಳಿದರು.

ವಿರಾಜಪೇಟೆ_ನರ್ಸ್
ಬೋರಾಕ್ಸ್ ಗ್ಲಿಸರಿನ್ ಬೇಡವೇ ಬೇಡ. ಬೋರಾಕ್ಸ್ ಮಗುವಿನ ಹೊಟ್ಟೆಗೆ ಹೋದರೆ ವಿಷ. ಮನೆಯಲ್ಲಿ ಹಳೇ ಬಾಟಲಿ ಇದ್ದರೆ ಎಸೆಯಿರಿ.

ನೀಲಿ ಔಷಧಿ ಅಂದರೆ ಜೆನ್ಷಿಯನ್ ವಯೊಲೆಟ್. ಹಿಂದೆ ಆಸ್ಪತ್ರೆಗಳಲ್ಲೂ ಹಚ್ಚುತ್ತಿದ್ದರು, ಫಂಗಸ್ ಸಾಯುವುದೂ ಹೌದು. ಆದರೆ ಸ್ವಲ್ಪ ಗಟ್ಟಿಯಾಗಿದ್ದರೂ ಮಗುವಿನ ಬಾಯಿಯ ಚರ್ಮ ಸುಟ್ಟು ಹುಣ್ಣಾಗುತ್ತದೆ. ಪ್ರಾಣಿಗಳ ಮೇಲಿನ ಪ್ರಯೋಗದಲ್ಲಿ ಕ್ಯಾನ್ಸರ್ ಕಂಡದ್ದರಿಂದ ಕೆನಡಾ ಸರ್ಕಾರ 2019ರಲ್ಲಿ ಇದರ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ಬೇರೆ ಒಳ್ಳೆಯ ಔಷಧಿ ಇರುವಾಗ ಇದರ ಅಗತ್ಯ ಇಲ್ಲ.

ಗೋಣಿಕೊಪ್ಪ_ಮೆಡಿಕಲ್
ನಾನು ಔಷಧಿ ಅಂಗಡಿಯಲ್ಲಿ ಇರುವವನು. ಮಗುವಿನ ಬಾಯಿಗೆ ಸಾಮಾನ್ಯವಾಗಿ ನಿಸ್ಟಾಟಿನ್ ಡ್ರಾಪ್ಸ್ ಅಥವಾ ಕ್ಲೋಟ್ರಿಮಜೋಲ್ ಮೌತ್ ಪೇಂಟ್ ಬರೆಯುತ್ತಾರೆ. ತಾಯಿಯ ತೊಟ್ಟಿಗೆ ಮೈಕೊನಜೋಲ್ ಅಥವಾ ಕ್ಲೋಟ್ರಿಮಜೋಲ್ ಕ್ರೀಮ್.

ಎರಡು ವಿಷಯ ಹೇಳಲೇಬೇಕು. ಮೈಕೊನಜೋಲ್ ಬಾಯಿ ಜೆಲ್ ತುಂಬಾ ಅಂಟು. ಎಳೆ ಮಗುವಿನ ಗಂಟಲಿಗೆ ಸಿಕ್ಕಿಕೊಂಡು ಉಸಿರು ಕಟ್ಟಿದ ಪ್ರಕರಣಗಳಿವೆ, ಅದಕ್ಕೇ ನಾಲ್ಕು ತಿಂಗಳೊಳಗಿನ ಮಗುವಿಗೆ ಅದು ಬೇಡ ಅಂತ ಅದರ ಜೊತೆ ಬರುವ ಚೀಟಿಯಲ್ಲೇ ಇರುತ್ತದೆ. ತೊಟ್ಟಿಗೆ ಹಚ್ಚಿ ಮಗುವಿಗೆ ಹಾಗೇ ಕುಡಿಸುವುದೂ ಬೇಡ.

ಇನ್ನೊಂದು, ಅಂಗಡಿಗೆ ಬಂದು "ಫಂಗಸ್ ಕ್ರೀಮ್ ಕೊಡಿ" ಅಂದರೆ ಬಹಳ ಕಡೆ ಸ್ಟೆರಾಯ್ಡ್ ಬೆರೆತ ಮುಲಾಮು ಕೊಟ್ಟುಬಿಡುತ್ತಾರೆ. ಹಚ್ಚಿದ ಕೂಡಲೇ ಉರಿ ಇಳಿಯುತ್ತದೆ, ಜನ ಖುಷಿಯಾಗುತ್ತಾರೆ. ಒಳಗೆ ಫಂಗಸ್ ಇನ್ನೂ ಜೋರಾಗಿ ಬೆಳೆಯುತ್ತದೆ. ಟ್ಯೂಬಿನ ಮೇಲೆ ಬೆಟಾಮೆಥಾಸೋನ್, ಬೆಕ್ಲೋಮೆಥಾಸೋನ್, ಕ್ಲೋಬೆಟಾಸೋಲ್ ಅಂತ ಇದ್ದರೆ ಡಾಕ್ಟರ್ ಹೇಳದೆ ಹಚ್ಚಬೇಡಿ.

ಪೊನ್ನಂಪೇಟೆ_ಟೀಚರ್
ಈ ಸ್ಟೆರಾಯ್ಡ್ ಮಾತನ್ನು ಎಲ್ಲರೂ ಓದಬೇಕು. ನನ್ನ ತಂಗಿಗೆ ಇದೇ ಆಗಿ ಒಂದು ತಿಂಗಳು ಎಳೆದಾಡಿತು.

ಭಾಗಮಂಡಲ_ಮಳೆ
ನಾನು ಸ್ವಲ್ಪ ಬೇರೆ ಹೇಳುತ್ತೇನೆ. ಎದೆ ನೋವು ಅಂದರೆ ಥ್ರಷ್ ಅಂತ ಎಲ್ಲರೂ ಹೇಳಿ ಹೇಳಿ ನನಗೆ ಕ್ರೀಮ್ ಮೇಲೆ ಕ್ರೀಮ್ ಹಚ್ಚಿಸಿದರು. ಮಾತ್ರೆಯನ್ನೂ ಕೊಟ್ಟರು. ಮಗುವಿನ ಬಾಯಿ ಯಾವತ್ತೂ ಸ್ವಚ್ಛವೇ ಇತ್ತು. ನೋವು ಒಂದಿಷ್ಟೂ ಇಳಿಯಲಿಲ್ಲ.

ಕೊನೆಗೆ ಮೈಸೂರಿನಲ್ಲಿ ಒಬ್ಬರು ಡಾಕ್ಟರ್ "ಮಗು ಬಿಟ್ಟ ಕೂಡಲೇ ತೊಟ್ಟಿನ ಬಣ್ಣ ನೋಡಿ" ಅಂದರು. ನೋಡಿದರೆ ಸುಣ್ಣ ಬಳಿದಷ್ಟು ಬೆಳ್ಳಗೆ. ಸ್ವಲ್ಪ ಹೊತ್ತಿಗೆ ನೀಲಿ, ಆಮೇಲೆ ಕೆಂಪು. ಆ ಕೆಂಪಾಗುವ ಹೊತ್ತಿಗೇ ಸೂಜಿ ಚುಚ್ಚಿದ ಹಾಗೆ ನೋವು. ರಕ್ತನಾಳ ಥಂಡಿಗೆ ಬಿಗಿದುಕೊಂಡು ರಕ್ತ ನಿಂತು, ಮತ್ತೆ ಹರಿಯುವಾಗ ಬರುವ ನೋವಂತೆ. ವ್ಯಾಸೋಸ್ಪಾಸಂ ಅನ್ನುತ್ತಾರೆ. ನನಗೆ ಮದುವೆಗೆ ಮುಂಚೆಯೇ ಚಳಿಯಲ್ಲಿ ಬೆರಳ ತುದಿ ಬೆಳ್ಳಗಾಗುತ್ತಿತ್ತು, ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ನಮ್ಮ ಊರಿನ ಮಳೆಗಾಲ ಗೊತ್ತಲ್ವಾ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೂ ಥಂಡಿ. ಅಲ್ಲಿ ಕುಳಿತು ಎದೆ ತೆರೆದು, ಗಾಳಿಗೆ ಒಣಗಿಸಿ ಅಂತ ಬೇರೆ ಹೇಳಿದ್ದರು. ಥ್ರಷ್‌ಗೆ ಅದು ಸರಿ ಇರಬಹುದು, ನನಗೆ ಅದೇ ನೋವು ತರುತ್ತಿತ್ತು.

ಮಡಿಕೇರಿ_ಮಂಜು
ಅಯ್ಯೋ, ಇದು ನನ್ನದೇ ಕಥೆ! ಮಡಿಕೇರಿಯಲ್ಲಿ ಜುಲೈ ಅಂದರೆ ಹೇಳಬೇಕಾ. ನನಗೂ ಬೆಳ್ಳಗಾಗುತ್ತದೆ. ಏನು ಮಾಡಿದಿರಿ ನೀವು?

ಭಾಗಮಂಡಲ_ಮಳೆ
ಬಿಸಿ. ಅಷ್ಟೇ ಮೊದಲು. ಮಗು ಬಾಯಿ ಬಿಟ್ಟ ತಕ್ಷಣ ಒಣ ಬಿಸಿ ಬಟ್ಟೆ ಎದೆಗೆ ಒತ್ತಿಕೊಳ್ಳುತ್ತಿದ್ದೆ. ಒಲೆಯ ಹತ್ತಿರದ ಬೆಚ್ಚಗಿನ ಕೋಣೆಯಲ್ಲೇ ಕುಡಿಸುತ್ತಿದ್ದೆ, ಒಳಗೆ ಉಣ್ಣೆ ಬನಿಯನ್. ಸ್ನಾನ ಮುಗಿಸಿ ಒದ್ದೆಯಲ್ಲಿ ಓಡಾಡುತ್ತಿರಲಿಲ್ಲ. ಕಾಫಿ ಕಡಿಮೆ ಮಾಡಿ ಅಂದರು, ಅದು ಕಷ್ಟವಾಯಿತು, ಆದರೂ ಮಾಡಿದೆ. ಇದರಲ್ಲೇ ಬಹಳ ಇಳಿಯಿತು. ಇಳಿಯದಿದ್ದರೆ ನಿಫೆಡಿಪಿನ್ ಅನ್ನುವ ಬಿಪಿ ಮಾತ್ರೆ ಕೊಡುತ್ತಾರಂತೆ, ಅದು ಡಾಕ್ಟರ್ ನೋಡಿಯೇ ಕೊಡಬೇಕು.

ಮತ್ತೆ, ಮಗು ತೊಟ್ಟನ್ನು ಸರಿಯಾಗಿ ಹಿಡಿಯದೆ ಜಗಿಯುತ್ತಿದ್ದರೂ ಬಿಳಿಯಾಗುತ್ತದೆ. ಅದನ್ನೂ ಒಮ್ಮೆ ನೋಡಿಸಿ.

ವಿರಾಜಪೇಟೆ_ನರ್ಸ್
ಭಾಗಮಂಡಲದವರು ಹೇಳಿದ್ದು ಬಹಳ ಮುಖ್ಯ. ನಾನು ನೋಡಿದ ಬಾಣಂತಿಯರಲ್ಲಿ ತೊಟ್ಟು ನೋವಿಗೆ ಮೊದಲ ಕಾರಣ ಫಂಗಸ್ ಅಲ್ಲ. ಮಗು ಹಿಡಿದುಕೊಳ್ಳುವ ರೀತಿ. ಬರೀ ತೊಟ್ಟನ್ನು ಬಾಯಲ್ಲಿಟ್ಟುಕೊಂಡು ಎಳೆದರೆ ತೊಟ್ಟು ಮಗುವಿನ ಗಟ್ಟಿ ಅಂಗುಳಕ್ಕೆ ತಿಕ್ಕಿ ಬಿರಿಯುತ್ತದೆ. ಸುತ್ತಲಿನ ಕಪ್ಪು ಭಾಗದಲ್ಲೂ ಬಹುಪಾಲು ಬಾಯೊಳಗೆ ಹೋಗಬೇಕು, ಅದರಲ್ಲೂ ಕೆಳಗಿನ ಕಡೆ ಜಾಸ್ತಿ.

ಹೇಗೆ ಅಂದರೆ, ಮಗುವಿನ ಹೊಟ್ಟೆ ನಿಮ್ಮ ಹೊಟ್ಟೆಗೆ ತಾಗಲಿ. ಕತ್ತು ತಿರುಚಿರಬಾರದು. ಮೂಗು ತೊಟ್ಟಿನ ನೇರಕ್ಕೆ ಇರಲಿ. ತೊಟ್ಟಿನಿಂದ ಮೇಲ್ದುಟಿ ಸವರಿದರೆ ಆಕಳಿಸಿದ ಹಾಗೆ ಬಾಯಿ ತೆರೆಯುತ್ತದೆ. ಆಗ ಮಗುವನ್ನು ಎದೆಗೆ ತನ್ನಿ, ನೀವು ಬಗ್ಗಿ ಎದೆಯನ್ನು ಮಗುವಿಗೆ ತುರುಕಬೇಡಿ. ಗಲ್ಲ ಎದೆಗೆ ಒತ್ತಿರಬೇಕು, ಕೆಳದುಟಿ ಹೊರಗೆ ಮಡಚಿರಬೇಕು. ಕುಡಿದು ಬಿಟ್ಟಾಗ ತೊಟ್ಟು ದುಂಡಗೆ ಇದ್ದರೆ ಸರಿ. ಒಂದು ಕಡೆ ಚಪ್ಪಟೆಯಾಗಿ ಓರೆಯಾಗಿದ್ದರೆ ಹಿಡಿತ ಸರಿಯಿಲ್ಲ. ತಪ್ಪಾಗಿ ಹಿಡಿದರೆ ಎಳೆದು ಬಿಡಿಸಬೇಡಿ, ಬಾಯಿಯ ಮೂಲೆಗೆ ಬೆರಳು ಹಾಕಿ ಬಿಡಿಸಿ ಮತ್ತೆ ಕೊಡಿ. ಬೇಸರ ಬೇಡ, ಎಷ್ಟು ಸಲ ಬೇಕಾದರೂ.

ಶನಿವಾರಸಂತೆ_ಸೊಸೆ
ನಮ್ಮ ಮಗುವಿಗೆ ನಾಲಿಗೆ ಕೆಳಗಿನ ನಾರು ಮುಂದೆ ತುದಿವರೆಗೂ ಅಂಟಿಕೊಂಡಿತ್ತು. ನಾಲಿಗೆ ಹೊರಗೆ ಚಾಚಲೇ ಆಗುತ್ತಿರಲಿಲ್ಲ. ಅದಕ್ಕೇ ಕಚ್ಚಿ ಹಿಡಿಯುತ್ತಿತ್ತು. ಆಸ್ಪತ್ರೆಯಲ್ಲಿ ಸಣ್ಣಗೆ ಕತ್ತರಿಸಿದರು, ಕೆಲವೇ ಕ್ಷಣದ ಕೆಲಸ. ಕೂಡಲೇ ಹಾಲು ಕುಡಿಸಲು ಹೇಳಿದರು. ಆ ವಾರದಿಂದಲೇ ನನ್ನ ಗಾಯ ಒಣಗಲು ಶುರುವಾಯಿತು.

ನಾಪೋಕ್ಲು_ಅಕ್ಕ
ಎಲ್ಲಾ ಸರಿ, ಆದರೆ ತೋಟದಮನೆ ತಂಗಿಯ ಮಗುವಿಗೆ ಬಾಯಲ್ಲಿ ಬಿಳುಪು ಕಣ್ಣಿಗೇ ಕಾಣಿಸುತ್ತಿದೆ. ಇಲ್ಲಿ ಎಲ್ಲರೂ ತಮ್ಮ ತಮ್ಮ ಕಾಯಿಲೆ ಹೇಳಿ ಅವಳಿಗೆ ಗೊಂದಲ ಮಾಡಬೇಡಿ.

ಭಾಗಮಂಡಲ_ಮಳೆ
ಅಕ್ಕ, ಗೊಂದಲಕ್ಕೆ ಹೇಳಿದ್ದಲ್ಲ. ಇದನ್ನು ಓದುವವರು ಅವರೊಬ್ಬರೇ ಅಲ್ಲ. ನೋವು ಅಂದ ಕೂಡಲೇ ಅಂಗಡಿಗೆ ಹೋಗಿ ಕ್ರೀಮ್ ತರುವವರು ಎಷ್ಟು ಜನ ಇದ್ದಾರೆ ನೋಡಿ. ಅವರಿಗೂ ಗೊತ್ತಾಗಲಿ.

ಮಡಿಕೇರಿ_ಮಂಜು
ಹಾಲು ಕುಡಿದ ಮಗುವಿನ ನಾಲಿಗೆ ಯಾವಾಗಲೂ ಬೆಳ್ಳಗೇ ಇರುತ್ತದಲ್ಲ? ಅದನ್ನೇ ಥ್ರಷ್ ಅಂದುಕೊಳ್ಳುವವರೂ ಇದ್ದಾರೆ.

ವಿರಾಜಪೇಟೆ_ನರ್ಸ್
ಹೌದು. ಬರೀ ನಾಲಿಗೆ ಮೇಲೆ ತೆಳ್ಳಗೆ ಬಿಳುಪು, ಒರೆಸಿದರೆ ಹೋಗುತ್ತದೆ ಅಂದರೆ ಅದು ಹಾಲು. ಕೆನ್ನೆ ಒಳಗೆ, ಒಸಡು, ತುಟಿ ಒಳಗೆ ಮೊಸರು ಅಂಟಿದ ಹಾಗೆ ಇದ್ದು, ಕೆರೆದರೆ ಅಡಿಯಲ್ಲಿ ಕೆಂಪಗೆ ರಕ್ತ ಜಿನುಗಿದರೆ ಥ್ರಷ್. ಕೆರೆದು ನೋಡುವ ಕೆಲಸ ಮಾತ್ರ ನೀವು ಮಾಡಬೇಡಿ. ಡೈಪರ್ ಹಾಕುವ ಜಾಗವನ್ನೂ ನೋಡಿ. ತೊಡೆ ಸಂದಿಯಲ್ಲಿ ಕಡು ಕೆಂಪು, ಅದರ ಅಂಚಿನಾಚೆ ಚುಕ್ಕೆ ಚುಕ್ಕೆ ಗುಳ್ಳೆ ಇದ್ದರೆ ಅದೂ ಇದೇ ಫಂಗಸ್.

ಕುಶಾಲನಗರ_ಅಪ್ಪ
ಡೈಪರ್ ಅಂದ ಕೂಡಲೇ ನೆನಪಾಯಿತು. ಮಳೆಗಾಲದಲ್ಲಿ ನೀವೆಲ್ಲ ಮಗುವಿನ ಬಟ್ಟೆ ಹೇಗೆ ಒಣಗಿಸುತ್ತೀರಿ? ನಮ್ಮ ಕುಶಾಲನಗರದ ಕಡೆ ಅಷ್ಟು ಮಳೆ ಇಲ್ಲ, ಬಿಸಿಲು ಸಿಗುತ್ತದೆ. ಹೆಂಡತಿಯ ತವರು ಮಡಿಕೇರಿ ಆಚೆ. ಅಲ್ಲಿ ಬಟ್ಟೆ ಮೂರು ದಿನವಾದರೂ ತೇವ, ಮುಗ್ಗಲು ವಾಸನೆ.

ಭಾಗಮಂಡಲ_ಮಳೆ
ಬಚ್ಚಲ ಒಲೆ ಮೇಲೆ ಬಿದಿರು ಕಟ್ಟಿ ಹರವುತ್ತೇವೆ. ಹೊಗೆ ವಾಸನೆ ಬರುತ್ತದೆ, ಆದರೆ ಗರಿಗರಿ ಒಣಗುತ್ತದೆ. ಮಗು ಅಲ್ಲಿ ಇರಬಾರದು ಅಷ್ಟೇ. ಕೊನೆಗೆ ಇಸ್ತ್ರಿ ಹಾಕಿದರೆ ಮುಗಿಯಿತು.

ನಾಪೋಕ್ಲು_ಅಕ್ಕ
ಇಸ್ತ್ರಿ ಹಾಕಲು ಕರೆಂಟ್ ಇರಬೇಕಲ್ಲ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋದರೆ ಎರಡು ದಿನ ಇಲ್ಲ. ಇದ್ದಿಲಿನ ಇಸ್ತ್ರಿಪೆಟ್ಟಿಗೆ ನಮ್ಮ ಮನೆಯಲ್ಲಿ ಇನ್ನೂ ಇದೆ, ಅದೇ ಕೆಲಸಕ್ಕೆ ಬರುತ್ತದೆ.

ವಿರಾಜಪೇಟೆ_ನರ್ಸ್
ವಿಷಯಕ್ಕೆ ಸಂಬಂಧ ಇದೆ, ಅದಕ್ಕೆ ಹೇಳುತ್ತೇನೆ. ಫಂಗಸ್‌ಗೆ ತೇವ, ಬೆಚ್ಚಗಿನ ಜಾಗ ಇಷ್ಟ. ಒದ್ದೆ ಬ್ರಾ, ಹಾಲು ನೆನೆದ ಪ್ಯಾಡ್ ಇಡೀ ದಿನ ಹಾಕಿಕೊಂಡರೆ ಅದಕ್ಕೆ ಹಬ್ಬ. ಪ್ಯಾಡ್ ಒದ್ದೆಯಾದ ಕೂಡಲೇ ಬದಲಿಸಿ. ಎದೆಗೆ ತಾಗುವ ಬಟ್ಟೆ, ಟವೆಲ್, ಮಗುವಿನ ಲಂಗೋಟಿ ಬಿಸಿ ನೀರಲ್ಲಿ ಒಗೆಯಿರಿ, 60 ಡಿಗ್ರಿ ಸಿಕ್ಕರೆ ಒಳ್ಳೆಯದು. ಮನೆಯವರೆಲ್ಲ ಒಂದೇ ಟವೆಲ್ ಬಳಸಬೇಡಿ. ನಿಪ್ಪಲ್, ಬಾಟಲಿ, ಪಂಪಿನ ಭಾಗ, ಮಗು ಬಾಯಿಗಿಡುವ ಆಟಿಕೆ ದಿನಾ ಕುದಿಸಿ. ಡೈಪರ್ ಬದಲಿಸಿದ ಮೇಲೆ, ಔಷಧಿ ಹಚ್ಚುವ ಮುಂಚೆ ಮತ್ತು ನಂತರ ಕೈ ಸೋಪಲ್ಲಿ ತೊಳೆಯಿರಿ. ತೊಟ್ಟಿಗೆ ಮಾತ್ರ ಸೋಪು ಬೇಡ, ಚರ್ಮ ಇನ್ನೂ ಒಣಗಿ ಬಿರಿಯುತ್ತದೆ.

ತೋಟದಮನೆ_ಸುಂಟಿಕೊಪ್ಪ
ಇಷ್ಟು ಜನ ಉತ್ತರ ಕೊಟ್ಟಿದ್ದೀರಿ, ಎಲ್ಲರಿಗೂ ಧನ್ಯವಾದ. ಇವತ್ತು ಬೇರೆ ಡಾಕ್ಟರ್ ಹತ್ತಿರ ಹೋಗಿದ್ದೆ. ನನ್ನನ್ನೂ ಮಗುವನ್ನೂ ಒಟ್ಟಿಗೆ ನೋಡಿದರು, ಹಾಲು ಕುಡಿಸುವುದನ್ನು ಕುಳಿತು ನೋಡಿದರು. ಹಿಡಿತ ಚೆನ್ನಾಗಿದೆ, ಇದು ಥ್ರಷ್ ಅಂದರು. ಅವಳಿಗೆ ನಿಸ್ಟಾಟಿನ್, ದಿನಕ್ಕೆ ನಾಲ್ಕು ಸಲ ಹಾಲು ಕುಡಿದ ಮೇಲೆ. ನನಗೆ ಮೈಕೊನಜೋಲ್ ಕ್ರೀಮ್, ಪ್ರತಿ ಸಲ ಕುಡಿಸಿದ ಮೇಲೆ ತೆಳ್ಳಗೆ. ಮುಂದಿನ ಸಲಕ್ಕೆ ಮುಂಚೆ ಕ್ರೀಮ್ ಉಳಿದಿದ್ದರೆ ಒರೆಸಬೇಕು. ವಾರ ಕಳೆದರೂ ಇಳಿಯದಿದ್ದರೆ ಬರಬೇಕು, ಬೇರೆ ಕಾರಣ ಹುಡುಕೋಣ ಅಂದರು.

ಒಂದು ಪ್ರಶ್ನೆ. ನಾಳೆಗೆ ಉರಿ ಇಳಿದರೆ ಕ್ರೀಮ್ ನಿಲ್ಲಿಸಬಹುದಾ? ಇನ್ನೊಂದು, ಅತ್ತೆ ಸಿಹಿ ಪೂರ್ತಿ ಬಿಡು ಅಂತಿದ್ದಾರೆ, ಸಕ್ಕರೆಯಿಂದ ಫಂಗಸ್ ಜಾಸ್ತಿಯಾಗುತ್ತದೆ ಅಂತ ಎಲ್ಲೋ ಕೇಳಿದ್ದಾರೆ.

ಗೋಣಿಕೊಪ್ಪ_ಮೆಡಿಕಲ್
ನಿಲ್ಲಿಸಬೇಡಿ. ಎರಡು ಮೂರು ದಿನದಲ್ಲಿ ಉರಿ ಇಳಿಯಲು ಶುರುವಾಗುತ್ತದೆ, ಜನ ಅಲ್ಲಿಗೇ ಬಿಡುತ್ತಾರೆ. ಮತ್ತೆ ಬರುತ್ತದೆ. ಡಾಕ್ಟರ್ ಎಷ್ಟು ದಿನ ಬರೆದಿದ್ದಾರೋ ಅಷ್ಟೂ ದಿನ ಹಾಕಿ. ಮಗುವಿನ ಬಾಯಿ ಸ್ವಚ್ಛವಾದ ಮೇಲೂ ಕನಿಷ್ಠ ಎರಡು ದಿನ ಡ್ರಾಪ್ಸ್ ಮುಂದುವರಿಸಬೇಕು. ಡ್ರಾಪ್ಸನ್ನು ಗಂಟಲಿಗೆ ನೇರ ಸುರಿಯಬೇಡಿ. ಎರಡೂ ಕೆನ್ನೆ ಒಳಗೆ ಸ್ವಲ್ಪ ಸ್ವಲ್ಪ ಬಿಡಿ. ಔಷಧಿ ಮಚ್ಚೆಗೆ ತಾಗಿದರೆ ತಾನೇ ಕೆಲಸ ಮಾಡುವುದು.

ವಿರಾಜಪೇಟೆ_ನರ್ಸ್
ಸಿಹಿ ಬಿಟ್ಟರೆ ಥ್ರಷ್ ಹೋಗುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ. ನಿಮಗೆ ಸಕ್ಕರೆ ಕಾಯಿಲೆ ಇದ್ದರೆ ಮಾತು ಬೇರೆ, ಅದು ಹತೋಟಿಯಲ್ಲಿ ಇರಲೇಬೇಕು, ಇಲ್ಲದಿದ್ದರೆ ಫಂಗಸ್ ಮತ್ತೆ ಮತ್ತೆ ಬರುತ್ತದೆ. ಗರ್ಭಿಣಿಯಾಗಿದ್ದಾಗ ಸಕ್ಕರೆ ಏರಿದ್ದವರು ಹೆರಿಗೆ ಆದ ಮೇಲೆ ಒಮ್ಮೆ ಪರೀಕ್ಷೆ ಮಾಡಿಸಿ. ಉಳಿದಂತೆ ಬಾಣಂತಿಗೆ ಹೊಟ್ಟೆ ತುಂಬಾ ಊಟ ಬೇಕು. ಹೆದರಿಸಿ ಊಟ ಬಿಡಿಸಬಾರದು.

ಅಮ್ಮತ್ತಿ_ಹಿರಿಯರು
ಊಟದ ವಿಷಯದಲ್ಲಿ ನಾನು ಈ ಮಗಳ ಪರ. ಬೆಳ್ಳುಳ್ಳಿ, ಕಾಳುಮೆಣಸು, ತುಪ್ಪ, ಬಿಸಿ ಅನ್ನ. ಬಾಣಂತಿ ಚೆನ್ನಾಗಿ ತಿನ್ನಬೇಕು. ಜೇನಿನ ಮಾತು ನನ್ನ ಮೊಮ್ಮಗಳಿಗೂ ಡಾಕ್ಟರ್ ಹೇಳಿದ್ದಾರಂತೆ. ಸರಿ, ಮಗುವಿಗೆ ಬೇಡ. ತಾಯಿ ತಿನ್ನಬಹುದಲ್ಲ?

ವಿರಾಜಪೇಟೆ_ನರ್ಸ್
ತಾಯಿ ಧಾರಾಳವಾಗಿ ತಿನ್ನಬಹುದು ಅಮ್ಮ. ಆ ಬೀಜಕಣ ಹಾಲಿಗೆ ಬರುವುದಿಲ್ಲ. ಎದೆಗೆ ಮಾತ್ರ ಹಚ್ಚಬಾರದು, ಅದು ನೇರ ಮಗುವಿನ ಬಾಯಿಗೆ ಹೋಗುತ್ತದೆ.

ಸೋಮವಾರಪೇಟೆ_ಹುಡುಗಿ
ತಿನ್ನುವ ಮಾತು ಬಂತು ಅಂತ ಕೇಳುತ್ತೇನೆ. ಆಗಸ್ಟ್ 3ಕ್ಕೆ ಕಕ್ಕಡ ಹದಿನೆಂಟು, ಅಂದರೆ ನಮ್ಮ ಕೊಡಗಿನ ಕಕ್ಕಡ ತಿಂಗಳ ಹದಿನೆಂಟನೇ ದಿನ. ಮದ್ದು ಸೊಪ್ಪಿನ ಪಾಯಸ ಮಾಡುತ್ತೇವೆ. ಹಾಲೂಡಿಸುವವರು ತಿನ್ನುತ್ತಾರಾ ನಿಮ್ಮಲ್ಲಿ?

ನಾಪೋಕ್ಲು_ಅಕ್ಕ
ನಮ್ಮ ಮನೆಯಲ್ಲಿ ಬಾಣಂತಿಗೂ ಒಂದು ಚಮಚ ಕೊಡುತ್ತಾರೆ. ಮರುದಿನ ಮೂತ್ರ ಕೆಂಪಗೆ ಹೋಗುತ್ತದೆ, ಗಾಬರಿ ಬೇಡ, ಸೊಪ್ಪಿನ ಬಣ್ಣ ಅದು. ಹೊಲಿಗೆ ಇರುವವರು ರಕ್ತ ಅಂದುಕೊಂಡು ಹೆದರುತ್ತಾರೆ, ಅದಕ್ಕೆ ಮೊದಲೇ ಹೇಳಿಡಿ.

ಪೊನ್ನಂಪೇಟೆ_ಟೀಚರ್
ಪಾಯಸದ ಚರ್ಚೆ ಬೇರೆ ಮಾಡೋಣ 🙂 ನನಗೆ ಒಂದು ಕೇಳಬೇಕು. ಕ್ರೀಮ್ ಹಚ್ಚಿದರೂ ಒಳಗಿನ ಚುಚ್ಚುವ ನೋವು ಹೋಗದಿದ್ದರೆ ಫ್ಲುಕೊನಜೋಲ್ ಮಾತ್ರೆ ಕೊಡುತ್ತಾರಂತೆ. ಹಾಲಿನಲ್ಲಿ ಮಗುವಿಗೆ ಹೋಗುವುದಿಲ್ಲವಾ?

ಗೋಣಿಕೊಪ್ಪ_ಮೆಡಿಕಲ್
ಸ್ವಲ್ಪ ಹೋಗುತ್ತದೆ. ಆದರೆ ಅದೇ ಔಷಧಿಯನ್ನು ಎಳೆ ಮಕ್ಕಳಿಗೂ ನೇರವಾಗಿ ಕೊಡುವುದುಂಟು, ಹಾಲಿನಲ್ಲಿ ಹೋಗುವುದು ಆ ಪ್ರಮಾಣಕ್ಕಿಂತ ಕಡಿಮೆ. ಬೇರೆ ಮಾತ್ರೆ ತಿನ್ನುತ್ತಿದ್ದರೆ, ಲಿವರ್ ತೊಂದರೆ ಇದ್ದರೆ ಡಾಕ್ಟರಿಗೆ ಹೇಳಲೇಬೇಕು. ಚೀಟಿ ಇಲ್ಲದೆ ನಾವು ಕೊಡುವುದಿಲ್ಲ, ನೀವೂ ಕೇಳಬೇಡಿ.

ವಿರಾಜಪೇಟೆ_ನರ್ಸ್
ಒಳಗಿನ ಆ ನೋವು ನಿಜವಾಗಿಯೂ ಫಂಗಸ್‌ನಿಂದಲೇ ಬರುತ್ತದಾ ಅನ್ನುವುದರಲ್ಲಿ ಡಾಕ್ಟರುಗಳಲ್ಲೇ ಒಮ್ಮತ ಇಲ್ಲ. ಹಾಗಾಗಿ ಮಾತ್ರೆಗೂ ಮುಂಚೆ ಹಿಡಿತ, ಥಂಡಿ, ಬ್ಯಾಕ್ಟೀರಿಯಾ ಸೋಂಕು, ಚರ್ಮದ ಅಲರ್ಜಿ ಎಲ್ಲಾ ನೋಡಬೇಕು. ಒಂದೇ ಕಡೆ ಎದೆ ಕೆಂಪಗಾಗಿ, ಗಟ್ಟಿಯಾಗಿ, ಮುಟ್ಟಿದರೆ ಬಿಸಿ, ಜ್ವರ, ಮೈಕೈ ನೋವು ಇದ್ದರೆ ಅದು ಥ್ರಷ್ ಅಲ್ಲ. ಅದಕ್ಕೆ ಅವತ್ತೇ ಆಸ್ಪತ್ರೆಗೆ ಹೋಗಿ, ಬಿಟ್ಟರೆ ಕೀವಾಗುತ್ತದೆ. ಮಗು ಹಾಲು ಕುಡಿಯುವುದನ್ನೇ ಬಿಟ್ಟರೆ, ಮೂತ್ರ ಕಡಿಮೆಯಾದರೆ, ಮಂಕಾದರೆ ಒಂದು ದಿನವೂ ಕಾಯಬೇಡಿ. ರಾತ್ರಿ ಯಾರೂ ಸಿಗದಿದ್ದರೆ ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಿ ಕೇಳಬಹುದು.

ಕುಶಾಲನಗರ_ಅಪ್ಪ
ಗಂಡಸರು ಇದನ್ನೆಲ್ಲ ಓದಬೇಕು ಅನ್ನಿಸುತ್ತದೆ. ನಮ್ಮ ಮನೆಯಲ್ಲಿ ಬಟ್ಟೆ ಕುದಿಸುವುದು, ಡ್ರಾಪ್ಸ್ ಹಾಕುವುದು ನನ್ನ ಕೆಲಸ. ಅವಳು ಹಾಲು ಕುಡಿಸುವ ನೋವನ್ನು ನಾನು ಹಂಚಿಕೊಳ್ಳಲು ಆಗುವುದಿಲ್ಲ, ಉಳಿದ ಕೆಲಸ ಮಾಡಬಹುದಲ್ಲ. "ತಡೆದುಕೋ" ಅನ್ನುವವರಿಗೆ ಗಂಡನೇ ಎದುರು ನಿಂತು ಹೇಳಬೇಕು.

ಸಿದ್ದಾಪುರ_ಆಶಾ
ನಾನು ಆಶಾ ಕಾರ್ಯಕರ್ತೆ. ನನ್ನ ವ್ಯಾಪ್ತಿಯಲ್ಲಿ ತೋಟದ ಲೈನ್ ಮನೆಗಳು, ಅಂದರೆ ಕೂಲಿ ಕಾರ್ಮಿಕರ ಸಾಲು ಮನೆಗಳು ಜಾಸ್ತಿ. ಇಲ್ಲಿ ಓದಿದ ಮೇಲೆ ಬರೆಯಬೇಕು ಅನ್ನಿಸಿತು. ಆಸ್ಪತ್ರೆಯಲ್ಲಿ ಹೆರಿಗೆಯಾದ ತಾಯಿಯ ಮನೆಗೆ ನಾವು 3, 7, 14, 21, 28 ಮತ್ತು 42ನೇ ದಿನ ಹೋಗಬೇಕು. ಆಗ ದಯವಿಟ್ಟು ಎದೆ ನೋವಿನ ಬಗ್ಗೆ ಹೇಳಿ. ಬಹಳ ಜನ ನಾಚಿಕೆಯಿಂದ ಹೇಳುವುದಿಲ್ಲ. ನಾವು ಮಗುವಿನ ತೂಕ ನೋಡಿ ಬರೆದುಕೊಂಡು ಬರುತ್ತೇವೆ, ಆ ತಾಯಿ ಹಲ್ಲು ಕಚ್ಚಿಕೊಂಡು ಕುಡಿಸುತ್ತಿರುವುದು ನಮಗೆ ಗೊತ್ತಾಗುವುದೇ ಇಲ್ಲ. ಅಸ್ಸಾಂ ಕಡೆಯಿಂದ ಬಂದ ಹುಡುಗಿಯರಿಗೆ ಭಾಷೆಯೂ ಕಷ್ಟ. ನಾನು ಮಗುವಿನ ಬಾಯಿ ತೆರೆಸಿ ನೋಡುತ್ತೇನೆ, ಹಾಲು ಕುಡಿಸಲು ಹೇಳಿ ಪಕ್ಕದಲ್ಲಿ ಕೂರುತ್ತೇನೆ. ಮುಖ ನೋಡಿದರೆ ಸಾಕು.

ಲೈನ್ ಮನೆಯಲ್ಲಿ ಬಾಟಲಿಗೆ ಹೋದರೆ ಇನ್ನೂ ಕಷ್ಟ. ಪುಡಿ ಹಾಲಿನ ಡಬ್ಬಕ್ಕೆ ದುಡ್ಡು, ಕುದಿಸಲು ನೀರು ಸೌದೆ, ತೊಳೆಯದ ಬಾಟಲಿಯಿಂದ ಭೇದಿ. ಒಂದು ಸಣ್ಣ ಕ್ರೀಮ್ ಸಿಕ್ಕಿದ್ದರೆ ಮುಗಿಯುತ್ತಿದ್ದ ತೊಂದರೆಗೆ ಮಗುವಿನ ಹಾಲೇ ತಪ್ಪಿಹೋಗುತ್ತದೆ. ಇದು ನನಗೆ ಬಹಳ ಸಂಕಟ ಕೊಡುವ ವಿಷಯ.

ಪೊನ್ನಂಪೇಟೆ_ಟೀಚರ್
ಅಕ್ಕ, ನಿಮ್ಮಂಥವರು ಇರುವುದು ಆ ಮಕ್ಕಳ ಪುಣ್ಯ. ಕೆಲಸಕ್ಕೆ ಹೋಗುವ ತಾಯಂದಿರಿಗೆ ಹಾಲೂಡಿಸಲು ಬಿಡುವು ಕೊಡಬೇಕು ಅಂತ ಕಾನೂನು ಇದೆ ಅಲ್ವಾ?

ಸಿದ್ದಾಪುರ_ಆಶಾ
ಇದೆ. 1961ರ ಹೆರಿಗೆ ಸೌಲಭ್ಯ ಕಾಯ್ದೆಯ ಕಾಲದಿಂದಲೂ ಮಗುವಿಗೆ 15 ತಿಂಗಳು ತುಂಬುವವರೆಗೆ ದಿನಕ್ಕೆ ಎರಡು ಬಿಡುವು ಕೊಡಬೇಕು ಅಂತ ಇದೆ. ಊಟದ ಬಿಡುವು ಬೇರೆ. ಕೇಳಿದರೆ ಕೆಲವು ತೋಟದವರು ಕೊಡುತ್ತಾರೆ. ಕೇಳಬೇಕು ಅಂತ ಗೊತ್ತಿರುವವರೇ ಕಡಿಮೆ. ಮೆಣಸು ಕೊಯ್ಲು, ಕಾಫಿ ಕೊಯ್ಲಿನ ಸಮಯದಲ್ಲಿ ಬೆಳಿಗ್ಗೆ ಹೋದವರು ಸಂಜೆ ಬರುತ್ತಾರೆ, ಎದೆ ಕಲ್ಲಾಗಿರುತ್ತದೆ.

ತೋಟದಮನೆ_ಸುಂಟಿಕೊಪ್ಪ
ಉರಿ ಬಹಳ ಇಳಿದಿದೆ. ಮಗಳ ಬಾಯಿಯ ಮಚ್ಚೆ ಚದುರುತ್ತಿದೆ. ಔಷಧಿ ಮುಂದುವರಿಸಿದ್ದೇನೆ. ಅತ್ತೆಗೆ ಈ ಚರ್ಚೆ ಪೂರ್ತಿ ಓದಿ ಹೇಳಿದೆ. ಈಗ ಪಾತ್ರೆ ಇಟ್ಟು ನಿಪ್ಪಲ್ ಕುದಿಸುವುದು ಅವರೇ.

ನಾನೂ ಮುಂದೆ ಕೆಲಸಕ್ಕೆ ಹೋಗಬೇಕು. ಈಗಲೇ ಹಾಲು ಹಿಂಡಿ ಫ್ರೀಜರ್‌ನಲ್ಲಿ ಕೂಡಿಡೋಣ ಅಂದುಕೊಂಡಿದ್ದೆ. ಇಡಬಹುದಾ?

ವಿರಾಜಪೇಟೆ_ನರ್ಸ್
ಬಹಳ ಸಂತೋಷ. ಔಷಧಿ ನಡೆಯುತ್ತಿರುವಾಗ ಹಿಂಡಿದ ಹಾಲನ್ನು ಆಗಲೇ ಕೊಟ್ಟು ಮುಗಿಸಿ. ಮುಂದಿನ ತಿಂಗಳಿಗೆ ಅಂತ ಕೂಡಿಡಬೇಡಿ. ಫ್ರೀಜರಿನ ಚಳಿಗೆ ಈ ಫಂಗಸ್ ಸಾಯುವುದಿಲ್ಲ, ವಾಸಿಯಾದ ಮೇಲೆ ಆ ಹಾಲು ಕೊಟ್ಟರೆ ಮತ್ತೆ ಬರುವ ಸಾಧ್ಯತೆ ಇರುತ್ತದೆ. ಪೂರ್ತಿ ಗುಣವಾದ ಮೇಲೆ ಕೂಡಿಡಲು ಶುರು ಮಾಡಿ. ಹೊರಗೆ ನಾಲ್ಕು ಗಂಟೆ, ಫ್ರಿಜ್ಜಿನ ಒಳಗಡೆ ನಾಲ್ಕು ದಿನ ಇರುತ್ತದೆ. ಕರೆಂಟ್ ಹೋಗಿ ಫ್ರಿಜ್ ಬಿಸಿಯಾದರೆ ಆ ಲೆಕ್ಕ ಹಿಡಿಯಬೇಡಿ.

ಶನಿವಾರಸಂತೆ_ಸೊಸೆ
ಸ್ಟೀಲ್ ಡಬ್ಬದಲ್ಲಿ ಇಡಬಹುದಾ ಅಥವಾ ಆ ಹಾಲಿನ ಚೀಲಗಳೇ ಬೇಕಾ? ಚೀಲ ಇಲ್ಲಿ ಸಿಗುವುದಿಲ್ಲ, ಆನ್‌ಲೈನ್ ತರಿಸಿದರೆ ವಾರ ಆಗುತ್ತದೆ.

ಸಿದ್ದಾಪುರ_ಆಶಾ
ಸ್ಟೀಲ್ ಡಬ್ಬ ಸಾಕು. ಬಿಗಿ ಮುಚ್ಚಳ ಇರಲಿ, ಕುದಿಸಿ ಒಣಗಿಸಿ ಬಳಸಿ, ಮೇಲೆ ದಿನಾಂಕ ಬರೆದು ಅಂಟಿಸಿ. ಕುಡಿಸುವುದು ಒಳಲೆ ಅಥವಾ ಸಣ್ಣ ಲೋಟದಲ್ಲಿ. ಮಗುವಿಗೆ ಬಾಟಲಿಯ ಅಭ್ಯಾಸವೇ ಬೇಡ.